ಮಹಾಮನೆಯ ತಾಯಿ: ಶರಣೆ ಅಕ್ಕನಾಗಮ್ಮನವರು

॥ ಶ್ರೀ ಗುರುಬಸವಲಿಂಗಾಯ ನಮಃ ॥

ಮಾಘಮಾಸದ ಭಾರತ ಹುಣ್ಣಿಮೆಯು ಸಮೀಪಿಸಿತೆಂದರೆ ಬೆಳಗಾವಿ ಸೀಮೆಯ ದಾರಿಗಳು ಜನರಿಂದ ತುಂಬುವವು. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆಯು ಆ ಹುಣ್ಣಿಮೆಯ ಸುಮಾರಿಗೆ ನೆರೆಯುವದು. ಕನ್ನಡ ನಾಡಿನಿಂದಲೂ ಮರಾಠಿ ನಾಡಿನಿಂದಲೂ ಬರುವ ಭಕ್ತರು ಭಂಡಾರವನ್ನು ತೂರಿ, ಅವ್ವಾ ಎಂದು ಕರೆದು, ತಮ್ಮ ತಮ್ಮ ಮನೆಯ ಸುಖದುಃಖಗಳನ್ನು ಆ ತಾಯಿಯ ಮುಂದೆ ತೋಡಿಕೊಳ್ಳುವರು. ಅದೇ ಹುಣ್ಣಿಮೆಗೆ ಇದೇ ಸೀಮೆಯ ಶರಣಭಕ್ತರು ಚಕ್ಕಡಿಗಳನ್ನು ಹೂಡಿ, ಬುತ್ತಿಯನ್ನು ಕಟ್ಟಿಕೊಂಡು, ತೆಂಕಣ ಅಡವಿಯ ದಾರಿಯನ್ನು ಹಿಡಿದು, ಜೋಯಿಡಾ ತಾಲೂಕಿನ ಉಳವಿಗೆ ಚೆನ್ನಬಸವಣ್ಣನವರ ರಥೋತ್ಸವಕ್ಕೆ ತೆರಳುವರು. ಒಂದು ದಾರಿಯು ತಾಯಿಯ ಕಡೆಗೂ ಮತ್ತೊಂದು ಮಗನ ಕಡೆಗೂ ಹೋಗುವದೆಂದು ಹೇಳಬಹುದು. ಉಳವಿಯಲ್ಲಿ ನೆಲೆಸಿದ ಆ ಮಗನಿಗೂ ಒಬ್ಬ ತಾಯಿಯಿದ್ದರು. ಆ ಮಹಾತಾಯಿಯು ಶರಣೆ ಅಕ್ಕನಾಗಮ್ಮನವರು. ಪುರಾಣಗಳಲ್ಲಿ ನಾಗಲಾಂಬಿಕೆಯೆಂದು ಹೆಸರಾದವರು.

ಮಠದ ಇತಿಹಾಸವನ್ನು ಬರೆಯುವಲ್ಲಿ ಗುರುಪರಂಪರೆಯನ್ನು ಮೊದಲು ಹೇಳುವದು ವಾಡಿಕೆ. ಯಾವ ಗುರುವಿನ ಕರಕಮಲದಲ್ಲಿ ಯಾವ ಶಿಷ್ಯನು ಉದಿಸಿದನು, ಯಾರು ಗದ್ದುಗೆಯನ್ನು ಕಟ್ಟಿಸಿದರು, ಯಾವ ಅರಸನು ಉಂಬಳಿಯನ್ನು ಕೊಟ್ಟನು ಎಂಬಿವು ಅದರಲ್ಲಿ ಬರುವವು. ಇದು ಯುಕ್ತವೇ ಆಗಿರುವದು. ಆದರೆ ಗುರುವಾದವನೂ ಒಬ್ಬ ತಾಯಿಯ ಮಡಿಲಿನಿಂದಲೇ ಬಂದವನು. ಆತನ ಬಾಯಿಗೆ ಮೊದಲ ತುತ್ತನ್ನಿಟ್ಟ ಕೈಯೂ, ಶಿವನಾಮವನ್ನು ಮೊದಲು ನುಡಿಸಿದ ದನಿಯೂ ಶಾಸನಗಳಲ್ಲಿ ದೊರೆಯುವದು ವಿರಳ. ಶರಣಧರ್ಮದ ಆದಿಕಾಲದಲ್ಲಿಯೇ ಈ ಮಾತಿಗೆ ನಿದರ್ಶನವಿರುವದರಿಂದ ಅದನ್ನು ಭಕ್ತಜನರ ಸನ್ನಿಧಿಯಲ್ಲಿ ನಿವೇದಿಸುವದು ಉಚಿತವಾಗಿದೆ.

ಶಿಲೆಯ ಸಾಕ್ಷಿಯನ್ನು ಮೊದಲು ನೋಡಬೇಕು. ಚಿಂಚಲಿಗೆ ದೂರವಲ್ಲದ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೇವಗಿರಿಯ ಯಾದವರ ಅರಸನಾದ ಕನ್ನರನ ಕಾಲದ ಶಿಲಾಶಾಸನವೊಂದಿರುವದು. ಅದರ ಕಾಲವು ಶಕ ೧೧೮೨, ಅಂದರೆ ಕ್ರಿ. ಶ. ೧೨೬೦. ಬಸವಣ್ಣನವರು ಲಿಂಗೈಕ್ಯರಾದ ಮೇಲೆ ಒಂದು ನೂರು ವರ್ಷಗಳೂ ಕಳೆಯದಿರುವಾಗ ಕೆತ್ತಿಸಿದ ಈ ಶಾಸನವು ಬಾಗೇವಾಡಿಯ ಮಾದಿರಾಜನನ್ನೂ, ಆತನ ತನುಜನಾದ ಸಂಗನ ಬಸವನನ್ನೂ, ಸೋದರನಾದ ದೇವರಾಜನನ್ನೂ, ಅವರ ವಂಶದಲ್ಲಿ ಹುಟ್ಟಿದ ಹಾಲಬಸವಿದೇವನನ್ನೂ ಹೆಸರಿಸುವದು. ಬಸವಣ್ಣನವರು ಕೇವಲ ಪುರಾಣಪುರುಷರಲ್ಲ, ಮನೆತನವುಳ್ಳ ಇತಿಹಾಸಪುರುಷರು ಎಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣವು ವಿರಳ. ಈ ಕಾರಣದಿಂದಲೇ ವಿದ್ವಾಂಸರು ಅರ್ಜುನವಾಡದ ಕಲ್ಲನ್ನು ಬಹುವಾಗಿ ಮನ್ನಿಸುವರು. ಆದರೆ ಆ ವಂಶಾವಳಿಯು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿಯುವದು. ಬಸವಣ್ಣನವರನ್ನು ಹೆತ್ತ, ಸಲಹಿದ, ಕೈಹಿಡಿದು ನಡೆಸಿದ ಹೆಂಗಸರನ್ನು ಕಾಣಬೇಕಾದರೆ ಕಲ್ಲನ್ನು ಬಿಟ್ಟು ಕಾವ್ಯಕ್ಕೆ ಬರಬೇಕಾಗುವದು.

ಬಸವಣ್ಣನವರ ತಾಯಿಯವರು ಮಾದಲಾಂಬಿಕೆ. ಇವರ ತವರೂರು ಬಾಗೇವಾಡಿಗೆ ಸಮೀಪದ ಇಂಗಳೇಶ್ವರವೆಂದು ಪರಂಪರೆಯು ಹೇಳುವದು. ಬಸವಣ್ಣನವರು ಜನಿಸಿದ ಸ್ಥಾನವೆಂದು ಆ ಊರನ್ನು ಇಂದಿಗೂ ಭಕ್ತರು ಸಂದರ್ಶಿಸುವರು. ಹರಿಹರ ಕವಿಯು ಬಸವಣ್ಣನವರ ಚರಿತ್ರವನ್ನು ಕನ್ನಡದಲ್ಲಿ ಮೊದಲು ಹಾಡಿದ ಮಹಾಕವಿ. ಆತನ ಬಸವರಾಜದೇವರ ರಗಳೆಯ ಪ್ರಕಾರ ತಾಯಿತಂದೆಗಳು ಬಸವಣ್ಣನವರ ಬಾಲ್ಯದಲ್ಲಿಯೇ ತೀರಿಕೊಂಡರು. ತಬ್ಬಲಿಯಾದ ಬಾಲಕನನ್ನು ಮುತ್ತವ್ವೆಯು ಸಾಕಿ ಬೆಳೆಸಿದಳು. ಮುತ್ತವ್ವೆಯೆಂದರೆ ಹಿರಿಯ ಅಜ್ಜಿ. ಕವಿಯು ಆಕೆಯನ್ನು ಆ ಬಾಂಧವ್ಯದ ಮಾತಿನಿಂದಲೇ ಕರೆದು ಮುಂದೆ ಸಾಗುವನು.

ಈ ಒಂದು ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುವದು ಅವಶ್ಯ. ಮುದಿತನದಲ್ಲಿ ಮಕ್ಕಳ ಅಗಲಿಕೆಯನ್ನು ಕಂಡ ಹೆಂಗಸು ತನ್ನ ಅಳಲನ್ನು ನುಂಗಿಕೊಂಡು ಮೊಮ್ಮಗನಿಗೆ ಉಣಬಡಿಸಬೇಕು. ಆತನ ಜ್ವರಕ್ಕೆ ಎಚ್ಚರವಿರಬೇಕು. ಆತನ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಇಂಥ ಅಜ್ಜಿಯಂದಿರು ಪ್ರತಿಯೊಂದು ಊರಿನಲ್ಲಿಯೂ ಇದ್ದರು, ಇಂದಿಗೂ ಇರುವರು. ಅವರ ಕೆಲಸವು ಯಾವ ತಾಮ್ರಪಟದಲ್ಲಿಯೂ ಬರೆಯಲ್ಪಡುವದಿಲ್ಲ. ಆದರೆ ಆ ಮುದುಕಿಯ ರಕ್ಷಣೆಯು ಇಲ್ಲದಿದ್ದರೆ ಬಾಗೇವಾಡಿಯ ಬಾಲಕನು ಕೂಡಲಸಂಗಮವನ್ನು ಮುಟ್ಟುತ್ತಿರಲಿಲ್ಲ. ಕಲ್ಯಾಣದ ಮಹಾಮನೆಯೂ ಏಳುತ್ತಿರಲಿಲ್ಲ. ಮುಂದೆ ದೊಡ್ಡದಾಗಿ ಬೆಳೆದ ದಾಸೋಹದ ಮೊದಲ ತುತ್ತು ಈ ಅಜ್ಜಿಯ ಕೈಯದೆಂದು ಭಾವಿಸಿದರೆ ತಪ್ಪಾಗಲಾರದು.

ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ, ಅದನ್ನನುಸರಿಸಿ ಭೀಮಕವಿಯು ಕ್ರಿ. ಶ. ೧೩೬೯ರಲ್ಲಿ ರಚಿಸಿದ ಕನ್ನಡ ಬಸವಪುರಾಣವೂ ಕಥೆಯನ್ನು ಬೇರೊಂದು ಬಗೆಯಾಗಿ ಹೇಳುವವು. ಅವುಗಳಲ್ಲಿ ತಾಯಿತಂದೆಗಳು ಇರುವಾಗಲೇ ಉಪನಯನದ ಪ್ರಸಂಗವು ಒದಗುವದು. ಬಾಲಕ ಬಸವಣ್ಣನವರು ಆ ಕರ್ಮವನ್ನು ಒಲ್ಲೆನೆಂದು ಮನೆಯಿಂದ ಹೊರಬೀಳುವರು. ಅವರೊಡನೆ ಅಕ್ಕ ನಾಗಮ್ಮನವರೂ ಹೊರಡುವರು. ಎರಡು ಕಥೆಗಳಿಗೂ ಭೇದವಿದ್ದರೂ ಒಂದು ಅಂಶದಲ್ಲಿ ಅವು ಕೂಡುವವು. ಕುಲದ ಆಚಾರವನ್ನು ಬಿಟ್ಟು ಬಂದ ಆ ಬಾಲಕನಿಗೆ ಆಸರೆಯಾದವರು ಮನೆಯ ಹೆಂಗಸರು: ಹರಿಹರನಲ್ಲಿ ಅಜ್ಜಿ, ಸೋಮನಾಥನಲ್ಲಿ ಅಕ್ಕ.

ಅಕ್ಕನ ಈ ಹೆಜ್ಜೆಯು ಸಾಮಾನ್ಯವಾದುದಲ್ಲ. ಗಂಡುಮಗನು ಮನೆಯನ್ನು ಬಿಟ್ಟರೆ ಲೋಕವು ಅವನನ್ನು ವಿರಕ್ತನೆನ್ನುವದು, ವಿದ್ಯಾರ್ಥಿಯೆನ್ನುವದು. ಹೆಣ್ಣುಮಗಳು ಬಿಟ್ಟರೆ ಆಕೆಗೆ ತವರಿನ ಬಾಗಿಲು ಮುಚ್ಚುವದು. ಊರ ನಾಲಗೆಯು ತೆರೆಯುವದು. ಹನ್ನೆರಡನೆಯ ಶತಮಾನದಲ್ಲಿ ಅಗ್ರಹಾರದ ಮನೆಯ ಹೆಣ್ಣು ಒಬ್ಬ ಬಾಲಕನ ಸತ್ಯವನ್ನು ನಂಬಿ ಹೊಸ್ತಿಲನ್ನು ದಾಟಿದಳೆಂಬುದನ್ನು ನೆನೆದರೆ ಆ ನಂಬಿಗೆಯ ಬೆಲೆಯು ತಿಳಿಯುವದು. ಬಸವಣ್ಣನವರನ್ನು ಲೋಕವು ಅಣ್ಣನೆಂದು ಒಪ್ಪುವದಕ್ಕೆ ಬಹಳ ಮುಂಚೆ ಅವರನ್ನು ಗುರುವೆಂದು ಒಪ್ಪಿದವರು ಅವರ ಅಕ್ಕನವರು. ಅಂದಿನಿಂದ ಅಕ್ಕನೆಂಬ ಶಬ್ದವು ಅವರ ಹೆಸರಿಗೆ ಅಂಟಿಕೊಂಡಿತು. ಒಬ್ಬರಿಗೆ ಒಡಹುಟ್ಟಿದ ಅಕ್ಕನಾಗಿದ್ದವರು ಸಮಸ್ತ ಶರಣಗಣಕ್ಕೆ ಅಕ್ಕನಾದರು.

ಇಂಥ ತಾಯಿಯ ಗರ್ಭದಲ್ಲಿ ಚೆನ್ನಬಸವಣ್ಣನವರು ಜನಿಸಿದರು. ಆ ಜನನವು ಪ್ರಸಾದಮಹಿಮೆಯಿಂದ ಆಯಿತೆಂದು ಪುರಾಣಗಳು ವರ್ಣಿಸುವವು. ಶಿವಸ್ವಾಮಿಯೆಂಬ ಶರಣರು ನಾಗಮ್ಮನವರ ಪತಿಗಳೆಂದು ಬೇರೊಂದು ಪರಂಪರೆಯು ಹೇಳುವದು. ಭಕ್ತರು ಯಾವುದನ್ನು ಹಿಡಿದರೂ ಆ ಮಗುವಿಗೆ ದೊರೆತ ಸಂಸ್ಕಾರದಲ್ಲಿ ಸಂದೇಹವಿಲ್ಲ. ಮನೆಯಲ್ಲಿ ಸೋದರಮಾವನೇ ಗುರು. ತಾಯಿಯೇ ಪ್ರಥಮ ಪಾಠಶಾಲೆ. ಷಟ್‌ಸ್ಥಲಶಾಸ್ತ್ರವನ್ನು ಕ್ರಮಗೊಳಿಸಿ, ಅವಿರಳಜ್ಞಾನಿಯೆಂದೂ ಷಟ್‌ಸ್ಥಲಚಕ್ರವರ್ತಿಯೆಂದೂ ಬಿರುದಾಂತ ಆ ಮಹಾನುಭಾವರು ಎಳೆವಯಸ್ಸಿನಲ್ಲಿಯೇ ಹಿರಿಯರ ಸಭೆಯಲ್ಲಿ ಮಾತನಾಡಿದರು. ಅಲ್ಲಮಪ್ರಭುಗಳ ತರುವಾಯ ಶೂನ್ಯಪೀಠವನ್ನೇರಿದರು. ಎಳೆಯ ಮಗನು ಹಿರಿಯರ ನಡುವೆ ಕುಳಿತು ಶಾಸ್ತ್ರವನ್ನು ನಿರ್ಣಯಿಸುವಾಗ ತಾಯಿಯು ಹಿಗ್ಗುವದು ಸಹಜ. ಆದರೆ ಅಂಥ ಮಗನನ್ನು ತನ್ನವನೆಂದು ಬಿಗಿಹಿಡಿಯದೆ ಸಮಾಜಕ್ಕೆ ಒಪ್ಪಿಸುವದು ತಾಯ್ತನದ ಕಠಿಣವಾದ ವ್ರತ. ಅಕ್ಕನಾಗಮ್ಮನವರು ಆ ವ್ರತವನ್ನು ನಡೆಸಿದರು.

ಬಸವಣ್ಣನವರು ಮಂಗಳವಾಡದಲ್ಲಿ ಕಳಚುರಿ ಬಿಜ್ಜಳನ ಬಳಿ ಕರಣಿಕರಾಗಿ, ಮುಂದೆ ಕಲ್ಯಾಣದಲ್ಲಿ ಭಂಡಾರಿಗಳಾಗಿದ್ದ ಕಾಲದಲ್ಲಿ ಅವರ ಮನೆಯು ಮಹಾಮನೆಯೆಂದು ಹೆಸರಾಯಿತು. ನಿತ್ಯವೂ ಅಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ತೃಪ್ತರಾಗುತ್ತಿದ್ದರೆಂದು ಪುರಾಣಗಳು ಕೊಂಡಾಡುವವು. ಈ ಸಂಖ್ಯೆಯನ್ನು ಭಕ್ತಿಯ ಮಾತೆಂದು ಗಣಿಸಿದರೂ ಆ ಮನೆಯ ಒಲೆಯು ಆರುತ್ತಿರಲಿಲ್ಲವೆಂಬುದು ಸ್ಪಷ್ಟ. ದಾಸೋಹದ ಹಿರಿಮೆಯನ್ನು ಹೇಳುವವರು ಬಡಿಸಿದ ಎಡೆಯನ್ನು ಕಾಣುವರು. ಎಡೆಯ ಹಿಂದಿನ ದುಡಿಮೆಯನ್ನು ಕಾಣುವವರು ಕಡಿಮೆ. ಕೋಳಿ ಕೂಗುವ ಮುನ್ನ ಬೀಸುವ ಕಲ್ಲಿನ ಮುಂದೆ ಕೂಡಬೇಕು. ಕಾಳನ್ನು ಕೇರಬೇಕು, ಕುಟ್ಟಬೇಕು, ನೀರನ್ನು ಹೊರಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅತಿಥಿಗೆ ಮುಖವನ್ನು ಬಾಡಿಸದೆ ಬಡಿಸಬೇಕು. ಬಂದವನು ಮಾದಾರನೋ ಬ್ರಾಹ್ಮಣನೋ ಎಂದು ಕೇಳದೆ ಒಂದೇ ಪಂಕ್ತಿಯಲ್ಲಿ ಎಡೆಯನ್ನು ಹಾಕಬೇಕು. ಕುಲಭೇದವು ಅನುಭವಮಂಟಪದ ಮಾತಿನಲ್ಲಿ ಅಳಿಯುವದಕ್ಕಿಂತ ಮೊದಲು ಅಡಿಗೆಯ ಮನೆಯಲ್ಲಿ ಅಳಿಯಬೇಕಾಗಿತ್ತು. ಗಂಗಾಂಬಿಕೆ ನೀಲಾಂಬಿಕೆಯರೊಡಗೂಡಿ ಈ ಭಾರವನ್ನು ಹೊತ್ತ ಹಿರಿಯಕ್ಕನು ನಾಗಮ್ಮನವರೆಂದು ಶರಣಪರಂಪರೆಯು ಸ್ಮರಿಸುವದು.

ಅಕ್ಕನಾಗಮ್ಮನವರು ಸ್ವತಃ ವಚನಕಾರ್ತಿಯರು. ಅವರ ಹೆಸರಿನಲ್ಲಿ ಹದಿನೈದರಷ್ಟು ವಚನಗಳು ಉಳಿದಿರುವವು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರದ ಪ್ರಥಮ ಭಾಗವನ್ನು ಪ್ರಕಟಿಸಿದ ಮೇಲೆ ಮಠಮಠಗಳಲ್ಲಿಯೂ ಮನೆಮನೆಗಳಲ್ಲಿಯೂ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಓಲೆಗರಿಗಳು ಬೆಳಕಿಗೆ ಬರತೊಡಗಿದವು. ಆ ಕಾರ್ಯವು ಬೆಳೆದು ೧೯೯೩ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ಪ್ರಕಟಿಸಿತು. ಅವುಗಳಲ್ಲಿ ಐದನೆಯದು ಶಿವಶರಣೆಯರ ವಚನಗಳಿಗೇ ಮೀಸಲಾದುದು. ಮೂವತ್ತಕ್ಕೂ ಮಿಕ್ಕ ಶರಣೆಯರ ನುಡಿಗಳ ನಡುವೆ ಅಕ್ಕನಾಗಮ್ಮನವರ ನುಡಿಯೂ ಅಲ್ಲಿರುವದು.

ಅವರ ವಚನಾಂಕಿತವು ಬಸವಣ್ಣಪ್ರಿಯ ಚೆನ್ನಸಂಗಯ್ಯ ಎಂಬುದು. ಈ ಅಂಕಿತವನ್ನು ಬಿಡಿಸಿ ನೋಡಿದರೆ ತಾಯಿಯ ಹೃದಯವು ಗೋಚರವಾಗುವದು. ಮೊದಲ ಅರ್ಧದಲ್ಲಿ ತಮ್ಮನ ಹೆಸರಿದೆ. ಚೆನ್ನಬಸವಣ್ಣನವರ ಅಂಕಿತವು ಕೂಡಲಚೆನ್ನಸಂಗಮದೇವ ಎಂದಿರುವದರಿಂದ ಎರಡನೆಯ ಅರ್ಧವು ಮಗನ ಅಂಕಿತಕ್ಕೆ ಅತಿ ಸಮೀಪದ್ದಾಗಿರುವದು. ಇಷ್ಟದೈವವನ್ನು ಕರೆಯುವಾಗ ತಮ್ಮನೂ ಮಗನೂ ಆ ಕರೆಯಲ್ಲಿಯೇ ಕೂಡಿಕೊಳ್ಳುವರು. ಅನೇಕರು ಸಂಸಾರವನ್ನು ಬಿಟ್ಟು ಶಿವನನ್ನು ಹುಡುಕಿದರು. ಈ ತಾಯಿಗೆ ಸಂಸಾರದ ಪ್ರೀತಿಯೇ ಶಿವನ ಹೆಸರಾಯಿತು. ಒಡಹುಟ್ಟಿದವನ ಮೇಲಿನ ಮಮತೆಯೂ ಮಗನ ಮೇಲಿನ ಮೋಹವೂ ಶುದ್ಧವಾಗಿ ಭಕ್ತಿಯಾಗಬಲ್ಲವೆಂಬುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆಯು ಬೇಡ.

ಕ್ರಿ. ಶ. ೧೧೬೭ರ ಸುಮಾರಿಗೆ ಕಲ್ಯಾಣದ ಮೇಲೆ ವಿಪತ್ತು ಎರಗಿತು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ನಡೆದ ವಿವಾಹವು ನಿಮಿತ್ತವಾಗಿ ಆ ಇಬ್ಬರು ಹಿರಿಯರಿಗೂ ಘೋರವಾದ ಶಿಕ್ಷೆಯಾಯಿತೆಂದೂ, ಅದರಿಂದ ನಗರವೇ ಕದಡಿತೆಂದೂ ಪರಂಪರೆಯು ಹೇಳುವದು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿ ಲಿಂಗೈಕ್ಯರಾದರು. ನೀಲಾಂಬಿಕೆಯವರು ಕೃಷ್ಣಾತೀರದ ತಂಗಡಗಿಯಲ್ಲಿ ಐಕ್ಯರಾದರು. ಬಿಜ್ಜಳನ ವಧೆಯಾಗಿ ಆತನ ಮಗನಾದ ಸೋವಿದೇವನು ಪಟ್ಟವೇರಿದನು. ಅರಸನ ದಂಡು ಶರಣರ ಬೆನ್ನು ಹತ್ತಿತು.

ಆಗ ಚೆನ್ನಬಸವಣ್ಣನವರ ನೇತೃತ್ವದಲ್ಲಿ ಶರಣರು ಪಡುವಣದ ಕಡೆಗೆ ಹೊರಟರು. ಆ ಸಮೂಹದಲ್ಲಿ ಅಕ್ಕನಾಗಮ್ಮನವರಿದ್ದರು, ಗಂಗಾಂಬಿಕೆಯವರಿದ್ದರು, ಮಡಿವಾಳ ಮಾಚಿದೇವರು, ಡೋಹರ ಕಕ್ಕಯ್ಯನವರು ಮೊದಲಾದ ಧೀರರಿದ್ದರು. ಈ ದಾರಿಯ ಗುರುತುಗಳು ಬೆಳಗಾವಿ ಸೀಮೆಯಲ್ಲಿ ಇಂದಿಗೂ ಅಚ್ಚಳಿಯದೆ ಇರುವವು. ಮಲಪ್ರಭೆಯ ದಂಡೆಯ ಕಾದರವಳ್ಳಿಯಲ್ಲಿ ಶರಣರಿಗೂ ದಂಡಿಗೂ ಕಾಳಗವಾಯಿತೆಂದು ಊರವರು ಹೇಳುವರು. ಅದೇ ನದಿಯ ತೀರದ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರ ಐಕ್ಯಸ್ಥಾನವಿರುವದು. ಖಾನಾಪುರ ತಾಲೂಕಿನ ಕಕ್ಕೇರಿಯು ಡೋಹರ ಕಕ್ಕಯ್ಯನವರ ಐಕ್ಯದಿಂದ ಪುನೀತವಾದುದು. ಅಲ್ಲಿಂದ ಮುಂದೆ ದಟ್ಟಡವಿ. ಆ ಅಡವಿಯ ಒಡಲಿನಲ್ಲಿ ಉಳವಿ.

ಈ ಪಯಣವನ್ನು ವೀರಗಾಥೆಯಾಗಿ ಹೇಳುವದು ರೂಢಿ. ಆದರೆ ತಾಯಿಯ ಕಡೆಯಿಂದ ನೋಡಿದರೆ ಅದರ ಬಣ್ಣವು ಬೇರೆಯಾಗುವದು. ತಮ್ಮನು ಹೋದನು, ನಾದಿನಿಯರಿಬ್ಬರೂ ಒಬ್ಬರಾದ ಮೇಲೊಬ್ಬರು ಹೋದರು, ದಾಸೋಹದ ಮನೆಯು ಹಾಳಾಯಿತು. ಕೈಯಲ್ಲಿ ಉಳಿದುದು ಎಳೆಯ ಮಗನೂ ವಚನದ ಕಟ್ಟುಗಳೂ ಮಾತ್ರ. ದಂಡಿನ ಭಯದಲ್ಲಿ ರಾತ್ರಿ ನಡೆಯುವ ಜನಕ್ಕೂ ಹಸಿವೆಯಾಗುವದು. ಕಲ್ಯಾಣದಲ್ಲಿ ಸಾವಿರ ಎಡೆಯನ್ನು ಬಡಿಸಿದ ಕೈಯೇ ಮಲೆನಾಡಿನ ಕಲ್ಲೊಲೆಯ ಮೇಲೆ ಸಿಕ್ಕ ಕಾಳನ್ನು ಬೇಯಿಸಿ ಹಂಚಿರಬೇಕು. ಮಹಾಮನೆಯು ಗೋಡೆಯ ಕಟ್ಟಡವಾಗಿದ್ದರೆ ಕಲ್ಯಾಣದಲ್ಲಿಯೇ ಮುಗಿಯುತ್ತಿತ್ತು. ಅದು ಒಬ್ಬ ತಾಯಿಯ ನಡತೆಯಾಗಿದ್ದುದರಿಂದ ಅವರ ಸಂಗಡ ಅಡವಿಗೂ ನಡೆದು ಬಂದಿತು.

ಉಳವಿಯಲ್ಲಿ ಚೆನ್ನಬಸವಣ್ಣನವರು ಎಳೆವಯಸ್ಸಿನಲ್ಲಿಯೇ ಲಿಂಗೈಕ್ಯರಾದರು. ಅವರ ಸಮಾಧಿಯ ಸನ್ನಿಧಿಯಲ್ಲಿಯೇ ಇಂದು ರಥವು ಎಳೆಯಲ್ಪಡುವದು. ಶರಣರಿಗೆ ಮರಣವೇ ಮಹಾನವಮಿಯೆಂಬ ಮಾತು ಸಿದ್ಧಾಂತಕ್ಕೆ ಸರಿಯಾದುದು. ಆದರೆ ಹೆತ್ತ ಕರುಳಿಗೆ ಸಿದ್ಧಾಂತವು ಒಮ್ಮೆಲೆ ಎಟುಕುವದಿಲ್ಲ. ಮಗನು ತಾಯಿಯನ್ನು ಮಣ್ಣುಮಾಡುವದು ಲೋಕದ ಕ್ರಮ. ತಾಯಿಯು ಮಗನ ಸಮಾಧಿಯನ್ನು ಕಾಣುವದು ಕ್ರಮ ತಪ್ಪಿದ ದುಃಖ. ಆ ದುಃಖವನ್ನು ಅಕ್ಕನಾಗಮ್ಮನವರು ಉಂಡರು. ಉಳವಿಯ ಕಾಡಿನಲ್ಲಿಯೂ ಬಸವಕಲ್ಯಾಣದಲ್ಲಿಯೂ ಅವರ ಹೆಸರಿನ ಗವಿಗಳನ್ನು ಭಕ್ತರು ತೋರಿಸುವರು. ರಥವನ್ನು ಕಂಡು ಮರಳುವ ಜನರು ಆ ಗವಿಯ ಮುಂದೆಯೂ ಒಂದು ಕ್ಷಣ ತಲೆಬಾಗಬೇಕು.

ಮಗನು ಅಗಲಿದ ಮೇಲೆ ತಾಯಿಯು ಅಲ್ಲಿಯೇ ಕುಸಿದು ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಪರಂಪರೆಯು ಹೇಳುವ ಕಥೆಯು ಹಾಗಿಲ್ಲ. ಉಳಿದ ಶರಣರನ್ನು ಕೂಡಿಕೊಂಡು ಅವರು ತೆಂಕಣಕ್ಕೆ ನಡೆದರು. ತರೀಕೆರೆಯ ಸಮೀಪದ ಎಣ್ಣೆಹೊಳೆಯ ತೀರದಲ್ಲಿ ಲಿಂಗೈಕ್ಯರಾದರು. ಬಾಗೇವಾಡಿಯಿಂದ ಕೂಡಲಸಂಗಮ, ಮಂಗಳವಾಡ, ಕಲ್ಯಾಣ, ಉಳವಿ, ತರೀಕೆರೆ ಎಂದು ಎಣಿಸಿದರೆ ಕನ್ನಡ ನಾಡಿನ ಉದ್ದವನ್ನೇ ಅವರು ಕಾಲ್ನಡೆಯಿಂದ ಅಳೆದಂತಾಯಿತು. ಮೊದಲ ಹೆಜ್ಜೆಯನ್ನು ತಮ್ಮನ ಸತ್ಯಕ್ಕಾಗಿ ಇಟ್ಟರು, ನಡುವಿನ ದಾರಿಯನ್ನು ಮಗನಿಗಾಗಿ ನಡೆದರು. ಕೊನೆಯ ದಾರಿಯನ್ನು ನಡೆದುದು ತಮ್ಮ ರಕ್ತದವರಲ್ಲದ ಶರಣಸಂತಾನಕ್ಕಾಗಿ.

ಚೆನ್ನಬಸವಣ್ಣನವರಿಗೆ ಸಂತಾನವಿರಲಿಲ್ಲವಾದುದರಿಂದ ಲೋಕದ ಲೆಕ್ಕದಲ್ಲಿ ಅಕ್ಕನಾಗಮ್ಮನವರು ಅಜ್ಜಿಯಾಗಲಿಲ್ಲ. ಶಿವನ ಲೆಕ್ಕವು ಬೇರೆ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಅಂದರೆ ಹದಿನೈದನೆಯ ಶತಮಾನದಲ್ಲಿ, ನೂರೊಂದು ವಿರಕ್ತರು ವಚನಗಳನ್ನು ಹುಡುಕಿ ಕೂಡಿಸಿದರು; ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ಸಂಕಲಿಸಿದರು; ಅವರ ತರುವಾಯದ ಕಾಲದಲ್ಲಿ ತೋಂಟದ ಸಿದ್ಧಲಿಂಗ ಯತಿಗಳು ಷಟ್‌ಸ್ಥಲವನ್ನು ಮರಳಿ ನಾಡಿನಲ್ಲಿ ಬಿತ್ತಿದರು. ಇವರೆಲ್ಲರೂ ಚೆನ್ನಬಸವಣ್ಣನವರ ಶಾಸ್ತ್ರದ ಮಕ್ಕಳು. ಆದುದರಿಂದ ನಾಗಮ್ಮನವರ ಮೊಮ್ಮಕ್ಕಳು. ಷಟ್‌ಸ್ಥಲವನ್ನು ಓದಿಸುವ ಪ್ರತಿಯೊಂದು ಮಠವೂ ಆ ಲೆಕ್ಕದಲ್ಲಿ ಈ ಅಜ್ಜಿಯ ಮನೆಯೇ. ಹರಿಹರನ ಕಾವ್ಯದಲ್ಲಿ ತಬ್ಬಲಿ ಬಾಲಕನನ್ನು ಸಲಹಿದ ಆ ಮುತ್ತವ್ವೆಯಿಂದ ಹೊರಟ ಎಳೆಯು ಹೀಗೆ ಎಂಟು ನೂರು ವರ್ಷಗಳನ್ನು ದಾಟಿ ಬಂದಿರುವದು.

ಸ್ಮಾರಕಗ್ರಂಥವು ಕೈಗೆ ಬಂದಾಗ ಭಕ್ತರು ತಮ್ಮ ಹಿರಿಯರ ಹೆಸರುಗಳನ್ನು ಹುಡುಕುವದು ಸಹಜ. ಭೂಮಿಯನ್ನು ಕೊಟ್ಟವರ, ಕಟ್ಟಡವನ್ನು ಕಟ್ಟಿಸಿದವರ ಹೆಸರುಗಳು ದೊರೆಯುವವು. ಆದರೆ ಸುಗ್ಗಿಯಾದ ಕೂಡಲೇ ಮೊದಲ ಸೇರು ಜೋಳವನ್ನು ಮಠಕ್ಕೆಂದು ತೆಗೆದಿರಿಸಿದ ಆಯಿಯ ಹೆಸರು, ಶ್ರಾವಣದ ಪುರಾಣಕ್ಕೆ ಮೊಮ್ಮಕ್ಕಳನ್ನು ಕೈಹಿಡಿದು ಕರೆತಂದ ಅವ್ವನ ಹೆಸರು, ಜಾತ್ರೆಯ ದಿನ ನಸುಕಿನಲ್ಲಿ ರೊಟ್ಟಿಯ ಬುಟ್ಟಿಯನ್ನು ಹೊತ್ತು ತಂದ ಅಕ್ಕನ ಹೆಸರು ಯಾವ ಪಟ್ಟಿಯಲ್ಲಿಯೂ ಸಿಗುವದು ಕಷ್ಟ. ಮಕ್ಕಳ ಬಾಯಲ್ಲಿ ಅವರು ಆಯಿ, ಅವ್ವ, ಅಕ್ಕ ಎಂದೇ ಉಳಿದರು. ಅವರನ್ನು ಬಲ್ಲ ಕೊನೆಯ ಮೊಮ್ಮಗನು ತೀರಿಕೊಂಡ ದಿನ ಆ ನೆನಪೂ ತೀರುವದು.

ಇದನ್ನು ತಪ್ಪಿಸುವದು ಭಕ್ತರ ಕೈಯಲ್ಲಿಯೇ ಇದೆ. ಪ್ರತಿಯೊಂದು ಮನೆಯವರು ತಮ್ಮ ತಾಯಿಯ, ಅಜ್ಜಿಯ, ಮುತ್ತಜ್ಜಿಯ ಹೆಸರನ್ನೂ, ತವರೂರನ್ನೂ, ಮಠಕ್ಕೆ ಅವರು ನಡೆಸಿದ ಸೇವೆಯನ್ನೂ ಒಂದು ಹಾಳೆಯಲ್ಲಿ ಬರೆದು ಮಠದ ಭಂಡಾರಕ್ಕೆ ಒಪ್ಪಿಸಿದರೆ ಮುಂದಿನ ಇತಿಹಾಸಕಾರನಿಗೆ ಅರ್ಜುನವಾಡದ ಕಲ್ಲು ಹೇಳದಿದ್ದ ಮಾತು ದೊರೆಯುವದು. ಬರೆಯಲು ಬಾರದ ಮುದುಕಿಯರು ಇನ್ನೂ ಇದ್ದರೆ ಅವರ ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಳ್ಳಬೇಕು. ಅವರ ಪದಗಳು, ಅವರು ಕೇಳಿದ ಪುರಾಣಗಳು, ಬರಗಾಲದಲ್ಲಿ ಅವರು ಮನೆಯನ್ನೂ ಮಠವನ್ನೂ ನಡೆಸಿದ ಬಗೆ ಇವೆಲ್ಲವೂ ಇತಿಹಾಸವೇ ಆಗಿರುವವು.

ಬರುವ ಭಾರತ ಹುಣ್ಣಿಮೆಗೆ ಮತ್ತೆ ಚಕ್ಕಡಿಗಳು ಉಳವಿಗೆ ಹೂಡಲ್ಪಡುವವು. ಬುತ್ತಿಯನ್ನು ಕಟ್ಟಿಕೊಡುವವರು ಎಂದಿನಂತೆ ಮನೆಯ ತಾಯಂದಿರೇ. ಉಳವಿಯಲ್ಲಿ ಚೆನ್ನಬಸವಣ್ಣನವರಿಗೆ ಕಾಯಿಯನ್ನು ಒಡೆಸುವವರು ಅಕ್ಕನಾಗಮ್ಮನವರನ್ನು ನೆನೆಯಲಿ. ಊರಿಗೆ ಮರಳಿದ ಮೇಲೆ ಬುತ್ತಿಯನ್ನು ಕಟ್ಟಿದ ಕೈಗೂ ಶರಣೆನ್ನಲಿ.

ಸರ್ವರಿಗೂ ಮಂಗಳವಾಗಲಿ.